ನೆಮೋನ ಮುಖ

ಕಳೆದ ವರ್ಷ ಆಷಾಢದಲ್ಲಿ ಇಂಗ್ಲೆಂಡಿನಿಂದ ನನ್ನ ಹೆಸರಿಗೆ ಒಂದು ಪುಟ್ಟ ರಟ್ಟಿನ ಪೆಟ್ಟಿಗೆ ಬಂತು. ಒಳಗೆ ತವರದ ಮಿಶ್ರಲೋಹದಲ್ಲಿ ಎರಕ ಹೊಯ್ದ ಐದು ಮನುಷ್ಯಾಕೃತಿಗಳಿದ್ದವು. ಒಂದೊಂದರ ಎತ್ತರವೂ ಹೆಬ್ಬೆರಳಿನ ಮೊದಲ ಗೆಣ್ಣಿಗಿಂತ ಕೊಂಚವೇ ಹೆಚ್ಚು. ಒಬ್ಬನ ಬೆನ್ನಿಗೆ ಬಾಯ್ಲರು. ಒಬ್ಬಳಿಗೆ ಬಲಗೈಯ ಜಾಗದಲ್ಲಿ ಉಗಿಯಿಂದ ನಡೆಯುವ ಉಕ್ಕಿನ ತೋಳು. ಇನ್ನಿಬ್ಬರ ಟೋಪಿಗಳ ಮೇಲೆ ಹಲ್ಲುಚಕ್ರಗಳು. ಐದನೆಯವನು ಜಲಾಂತರ್ನೌಕೆಯ ಕಪ್ತಾನ. ಬೊಂಬೆಗಳ ಬೆಲೆಗಿಂತ ಅಂಚೆಯ ವೆಚ್ಚ ಮತ್ತು ಸುಂಕ ಸೇರಿ ಹೆಚ್ಚಾಗಿತ್ತು. ಈ ಲೆಕ್ಕವನ್ನು ಮನೆಯಲ್ಲಿ ಹೇಳಿಲ್ಲ. ಇಲ್ಲಿ ಹೇಳುತ್ತಿರುವುದು, ನಮ್ಮ ಮನೆಯವರು ಬಳಗದ ಬರಹಗಳನ್ನು ಓದುವುದಿಲ್ಲವೆಂಬ ಧೈರ್ಯದಿಂದ.

ಬೇಂದ್ರೆ, ಕುವೆಂಪು, ವಲಸೆ, ಭಾಷಾಂತರ ಮುಂತಾದ ಗಂಭೀರ ವಿಷಯಗಳ ನಡುವೆ ತವರದ ಬೊಂಬೆಗಳ ಬಗ್ಗೆ ಬರೆಯಲು ಸಂಕೋಚವಾಗುವುದು ಸಹಜ. ಆದರೆ ಆ ಐದನೆಯ ಬೊಂಬೆಯ ಮುಖವನ್ನು ನೋಡುತ್ತ ಕುಳಿತಾಗ ನನಗೆ ಹೊಳೆದದ್ದು ಭಾಷಾಂತರದ ವಿಷಯವೇ. ಆದ್ದರಿಂದ ಓದುಗರು ಸ್ವಲ್ಪ ತಾಳಿಕೊಳ್ಳಬೇಕು.

ಸ್ಟೀಮ್‌ಪಂಕ್ ಎಂದರೆ, ಉಗಿಯ ಯುಗ ಮುಗಿಯದೆ ಮುಂದುವರಿದಿದ್ದರೆ ಜಗತ್ತು ಹೇಗಿರುತ್ತಿತ್ತು ಎಂಬ ಕಲ್ಪನೆ. ವಿಕ್ಟೋರಿಯಾ ರಾಣಿಯ ಕಾಲದ ಉಡುಪು, ಹಿತ್ತಾಳೆಯ ಯಂತ್ರಗಳು, ಹಾರುವ ಹಡಗುಗಳು. ಹೆಸರನ್ನು ಕೊಟ್ಟವರು ಅಮೆರಿಕದ ಲೇಖಕ ಕೆ. ಡಬ್ಲ್ಯೂ. ಜೀಟರ್. ತಾವು, ಟಿಮ್ ಪವರ್ಸ್ ಮತ್ತು ಜೇಮ್ಸ್ ಬ್ಲೇಲಾಕ್ ಮೂವರೂ ಬರೆಯುತ್ತಿದ್ದ ವಿಚಿತ್ರ ಕಾದಂಬರಿಗಳಿಗೆ ಒಂದು ಹಣೆಪಟ್ಟಿ ಬೇಕೆಂದು 1987ರಲ್ಲಿ ‘ಲೋಕಸ್’ ಪತ್ರಿಕೆಗೆ ಬರೆದ ಪತ್ರದಲ್ಲಿ ಅರೆತಮಾಷೆಯಾಗಿ ಅವರು ಬಳಸಿದ ಮಾತು ಅದು. 1990ರಲ್ಲಿ ವಿಲಿಯಂ ಗಿಬ್ಸನ್ ಮತ್ತು ಬ್ರೂಸ್ ಸ್ಟರ್ಲಿಂಗ್ ಸೇರಿ ಬರೆದ ‘ದಿ ಡಿಫರೆನ್ಸ್ ಎಂಜಿನ್’ ಬಂದಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ. ಇನ್ನು ಬೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ ಯುದ್ಧವಾಡುವ ಹವ್ಯಾಸ ಇದಕ್ಕಿಂತ ಬಹಳ ಹಳೆಯದು. ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನೇ ಬರೆದು, ಮನೆಯ ನೆಲದ ಮೇಲೆ ಸೀಸದ ಸೈನಿಕರನ್ನು ಆಡಿಸುವ ನಿಯಮಗಳನ್ನು ಕೊಟ್ಟರು. ಎಂ.ಎ. ತರಗತಿಯಲ್ಲಿ ವೆಲ್ಸ್ ಎಂದರೆ ‘ಟೈಮ್ ಮಷೀನ್’ ಎಂದಷ್ಟೇ ಹೇಳಿಕೊಟ್ಟಿದ್ದರು. ನಡುವಯಸ್ಸಿನಲ್ಲಿ ನೆಲದ ಮೇಲೆ ತೆವಳುತ್ತಿದ್ದ ವೆಲ್ಸ್ ನನಗೆ ಸಿಕ್ಕಿದ್ದು ಆಮೇಲೆ.

ದೊಡ್ಡ ಕಂಪನಿಗಳಿಗೆ ಬಾಹ್ಯಾಕಾಶದ ಯೋಧರೂ ರಾಕ್ಷಸರೂ ಸಾಕಷ್ಟು ಲಾಭ ತರುತ್ತಾರೆ. ಹಾಗಾಗಿ ಉಗಿಯ ಕನಸನ್ನು ಕಾಪಾಡಿಕೊಂಡು ಬಂದವರು ಬಹುಪಾಲು ಸಣ್ಣ ತಯಾರಕರೇ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ನಾರ್ತ್ ಸ್ಟಾರ್ ಇದೆ. 2013ರಲ್ಲಿ ಆಸ್ಪ್ರೆ ಪ್ರಕಟಿಸಿದ ‘ಇನ್ ಹರ್ ಮೆಜೆಸ್ಟೀಸ್ ನೇಮ್’ ಎಂಬ ಆಟಕ್ಕೆ ಬೊಂಬೆಗಳನ್ನು ಮಾಡಿದವರು ಅವರು. ಉಗಿಯ ಟ್ಯಾಂಕುಗಳಿಗೆ ಐರನ್‌ಕ್ಲಾಡ್, ಅಂಗೈಯಲ್ಲಿ ಹಿಡಿಸುವ ಆಕಾಶನೌಕೆಗಳಿಗೆ ಬ್ರಿಗೇಡ್ ಮಾಡೆಲ್ಸ್, ಮೆಲ್ಬರ್ನಿನ ಯುರೇಕಾದವರ ‘ಪ್ಯಾಕ್ಸ್ ಲಿಂಪೊಪೊ’ ಮಾಲಿಕೆ. ಇಂಥ ಕಡೆಗಳಲ್ಲಿ ಕೆಲಸ ಮಾಡುವವರು ಕೆಲವೇ ಮಂದಿ. ಶಿಲ್ಪಿಯೊಬ್ಬ ಹಳದಿ ಮತ್ತು ನೀಲಿ ಎಪಾಕ್ಸಿ ಪಟ್ಟಿಗಳನ್ನು ನಾದಿದಾಗ ಬರುವ ಹಸಿರು ಮೇಣದಂಥ ಪದಾರ್ಥದಿಂದ ಮೂಲ ಬೊಂಬೆಯನ್ನು ತಿದ್ದುತ್ತಾನೆ. ಅದನ್ನು ಎರಡು ರಬ್ಬರ್ ಬಿಲ್ಲೆಗಳ ನಡುವೆ ಒತ್ತಿ, ಕಾಯಿಸಿ ಅಚ್ಚು ತೆಗೆಯುತ್ತಾರೆ. ಅಚ್ಚನ್ನು ಗಿರಗಿರನೆ ತಿರುಗಿಸುತ್ತ ಕರಗಿದ ಲೋಹವನ್ನು ನಡುವಿನಲ್ಲಿ ಸುರಿದರೆ ಅದು ಅಂಚಿನತ್ತ ಓಡಿ ಮೂಗು, ಬೆರಳು, ಗುಂಡಿಗಳ ಸಂದುಗಳಲ್ಲೆಲ್ಲ ತುಂಬಿಕೊಳ್ಳುತ್ತದೆ. ಕೆಲವು ನೂರು ಎರಕಗಳಾದ ಮೇಲೆ ರಬ್ಬರ್ ಸವೆದು ಬೊಂಬೆಯ ಮುಖ ಮಂಕಾಗುತ್ತದೆ. ಆಗ ಹೊಸ ಅಚ್ಚು ಬೇಕು. ಈಗ ಈ ಕೆಲಸದ ಬಹುಭಾಗ ಕಂಪ್ಯೂಟರಿಗೂ ಮುದ್ರಣಯಂತ್ರಕ್ಕೂ ಸರಿದಿದೆಯಾದರೂ ಕೆಲವು ನೂರರ ಲೆಕ್ಕ ಹೆಚ್ಚು ಬದಲಾಗಿಲ್ಲ. ಸಣ್ಣ ತಯಾರಕನ ಒಂದು ಬೊಂಬೆಯನ್ನು ಕೊಳ್ಳುವವರು ಇಡೀ ಜಗತ್ತಿನಲ್ಲಿ ಅಷ್ಟೇ ಮಂದಿ.

ಇಂಥ ಬೊಂಬೆಗಳ ಬಗ್ಗೆ ಹವ್ಯಾಸಿಗಳು ಆಡುವ ಮಾತುಗಳನ್ನು ಎಷ್ಟೋ ವರ್ಷಗಳಿಂದ ಕೇಳುತ್ತ ಬಂದಿದ್ದೇನೆ, ನಾನೂ ಆಡಿದ್ದೇನೆ. ಮೊದಲ ದೂರು ಬೆಲೆಯದು. ಒಂದು ದೊಡ್ಡ ಕಂಪನಿಯ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹತ್ತಿಪ್ಪತ್ತು ಬೊಂಬೆ ಬರುವಾಗ ಇಲ್ಲಿ ನಾಲ್ಕೈದಕ್ಕೇ ಅಷ್ಟು ಹಣವೇ ಎಂದು. ಇದು ಅನ್ಯಾಯದ ಹೋಲಿಕೆ. ಪ್ಲಾಸ್ಟಿಕ್ಕಿನ ಉಕ್ಕಿನಚ್ಚಿಗೆ ಬೀಳುವ ಹಣವನ್ನು ಸಾವಿರಾರು ಪೆಟ್ಟಿಗೆಗಳ ಮೇಲೆ ಹಂಚಬಹುದು. ಶಿಲ್ಪಿಯ ಕೂಲಿಯನ್ನು ಮುನ್ನೂರು ಬೊಂಬೆಗಳ ಮೇಲೆ ಹಂಚಿದರೆ ಬೆಲೆ ಏರದೆ ಇರುತ್ತದೆಯೇ? ಎರಡನೆಯದು ಅಳತೆಯ ಜಗಳ. 28 ಮಿಲಿಮೀಟರ್ ಎಂದರೆ ಪಾದದಿಂದ ಕಣ್ಣಿನವರೆಗೋ ನೆತ್ತಿಯವರೆಗೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಒಬ್ಬ ತಯಾರಕನ ಸೇನಾಧಿಕಾರಿಯ ಪಕ್ಕದಲ್ಲಿ ಇನ್ನೊಬ್ಬನ ಪತ್ತೇದಾರಿಣಿಯನ್ನು ನಿಲ್ಲಿಸಿದರೆ ಅವಳು ಅವನ ಸೊಂಟಕ್ಕೆ ಬರುತ್ತಾಳೆಂದು ಹವ್ಯಾಸಿಗಳು ಗೋಳಾಡುತ್ತಾರೆ. ನಮ್ಮ ಕಚೇರಿಯ ಗ್ರೂಪ್ ಫೋಟೋ ನೋಡಿದವರಿಗೆ ಈ ಗೋಳು ಅರ್ಥವಾಗುವುದಿಲ್ಲ. ಮನುಷ್ಯರು ಇರುವುದೇ ಹಾಗೆ.

ಮುಂಗಡ ಹಣ ಕೊಟ್ಟು ವರ್ಷಗಟ್ಟಲೆ ಕಾಯುವ ದೂರಿನಲ್ಲಿ ಹುರುಳಿದೆ. ಸಣ್ಣ ತಯಾರಕನಿಗೆ ಬಂಡವಾಳವೆಂದರೆ ಗ್ರಾಹಕರ ನಂಬಿಕೆಯೊಂದೇ. ಅವನಿಗೆ ಕಾಯಿಲೆಯಾದರೆ, ಅಚ್ಚು ಹಾಳಾದರೆ, ಲೆಕ್ಕ ತಪ್ಪಿದರೆ ಹಣ ಮುಳುಗುತ್ತದೆ. ಮಧ್ಯಮ ಗಾತ್ರದವರಿಗೂ ಇದು ತಪ್ಪಿದ್ದಲ್ಲ: ‘ಡಿಸ್ಟೋಪಿಯನ್ ವಾರ್ಸ್’ ಎಂಬ ಉಗಿನೌಕೆಗಳ ಆಟವನ್ನು 2010ರಲ್ಲಿ ಹೊರತಂದ ಸ್ಪಾರ್ಟನ್ ಗೇಮ್ಸ್ 2017ರಲ್ಲಿ ಬಾಗಿಲು ಹಾಕಿತು, ಆಟವನ್ನು ಬೇರೆಯವರು ಕೊಂಡು ಉಳಿಸಿದರು.

ನನಗೆ ಹೆಚ್ಚು ಆಸಕ್ತಿಯಿರುವುದು ಹಲ್ಲುಚಕ್ರಗಳ ದೂರಿನಲ್ಲಿ. ಯಾವುದೋ ಟೋಪಿಗೆ ಒಂದು ಹಲ್ಲುಚಕ್ರ ಅಂಟಿಸಿ, ಹಣೆಗೆ ಗಾಗಲ್ಸ್ ಏರಿಸಿ ಸ್ಟೀಮ್‌ಪಂಕ್ ಎಂದು ಮಾರುತ್ತಾರೆಂದು ಹಳೆಯ ಹವ್ಯಾಸಿಗಳು ಹಲ್ಲು ಕಡಿಯುತ್ತಾರೆ. ಅವರ ಮಾತು ನಿಜ. ಹಲ್ಲುಚಕ್ರಗಳ ಸಹಜ ಸ್ಥಾನ ಗಡಿಯಾರ ಮತ್ತು ಗಣಕಯಂತ್ರ. ಚಾರ್ಲ್ಸ್ ಬ್ಯಾಬೇಜ್ ಹತ್ತೊಂಬತ್ತನೆಯ ಶತಮಾನದಲ್ಲಿ ಕಾಗದದ ಮೇಲೆ ಬಿಟ್ಟುಹೋದ ಎರಡನೆಯ ಡಿಫರೆನ್ಸ್ ಎಂಜಿನ್ನಿನ ಗಣಿತಭಾಗವನ್ನು ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನವರು 1991ರಲ್ಲಿ ಕಟ್ಟಿ ನಡೆಸಿ ತೋರಿಸಿದರು. ಅದರ ತುಂಬ ಚಕ್ರಗಳೇ. ಉಗಿಬಂಡಿಯ ವಿಷಯ ಬೇರೆ. ಅಲ್ಲಿ ಬೆಂಕಿಗೂಡು, ಬಾಯ್ಲರು, ಸಿಲಿಂಡರು, ಪಿಸ್ಟನ್ನು, ಅದರಿಂದ ಚಕ್ರಕ್ಕೆ ಉದ್ದನೆಯ ಸರಳು.

ದೆಹಲಿಯಲ್ಲಿರುವವರು ಇದನ್ನು ಕಣ್ಣಾರೆ ಕಾಣಬೇಕಾದರೆ ಚಾಣಕ್ಯಪುರಿಯ ರೈಲ್ವೆ ಮ್ಯೂಸಿಯಮ್ಮಿಗೆ ಹೋಗಬೇಕು. ಅಲ್ಲಿ ಪಟಿಯಾಲ ಸಂಸ್ಥಾನದ ಮೊನೊರೈಲಿನ ಎಂಜಿನ್ನು ಇದೆ. 1907ರಲ್ಲಿ ಆರಂಭವಾಗಿ 1927ರಲ್ಲಿ ನಿಂತುಹೋದ ಆ ಬಂಡಿಯ ಭಾರದ ಬಹುಪಾಲು ನೆಲದಲ್ಲಿ ಹುದುಗಿದ ಒಂದೇ ಹಳಿಯ ಮೇಲೆ. ಅದು ಮಗುಚದಂತೆ ಪಕ್ಕದಲ್ಲಿ ರಸ್ತೆಯ ಮೇಲುರುಳುವ ಒಂದು ದೊಡ್ಡ ಗಾಲಿ. ಮೊದಲು ಅದನ್ನು ಹೇಸರಗತ್ತೆಗಳು ಎಳೆಯುತ್ತಿದ್ದವು, ಆಮೇಲೆ ಬರ್ಲಿನ್ನಿನಿಂದ ಉಗಿ ಎಂಜಿನ್ನು ಬಂತು. ಅದಕ್ಕಿಂತ ಸ್ಟೀಮ್‌ಪಂಕ್ ಆದ ವಸ್ತುವನ್ನು ಯಾವ ಕಾದಂಬರಿಕಾರನೂ ಕಲ್ಪಿಸಿಲ್ಲ. ಅದರ ಮೇಲೆ ಅಲಂಕಾರಕ್ಕೆಂದು ಒಂದೇ ಒಂದು ಹಲ್ಲುಚಕ್ರವಿಲ್ಲ. ಸಣ್ಣ ತಯಾರಕರ ಬೊಂಬೆಯನ್ನು ಕೈಗೆತ್ತಿಕೊಂಡಾಗ ನಾನು ಮೊದಲು ನೋಡುವುದು ಇದನ್ನೇ: ಈ ಬೆನ್ನಬಾಯ್ಲರಿಗೆ ಕಲ್ಲಿದ್ದಲು ಎಲ್ಲಿಂದ ಹಾಕುತ್ತಾರೆ? ಹೊಗೆ ಎತ್ತ ಹೋಗುತ್ತದೆ? ಹೊತ್ತವನ ಬೆನ್ನು ಸುಡುವುದಿಲ್ಲವೇ? ಒಳ್ಳೆಯ ಶಿಲ್ಪಿಗಳು ಬಾಯ್ಲರಿಗೂ ಬೆನ್ನಿಗೂ ನಡುವೆ ಒಂದು ದಪ್ಪ ತೊಗಲಿನ ಹಾಳೆಯನ್ನು ಕೊಟ್ಟಿರುತ್ತಾರೆ. ಆ ತೊಗಲನ್ನು ಕಂಡರೆ ನನಗೆ ಆ ಶಿಲ್ಪಿಯ ಕೈಕುಲುಕಬೇಕೆನಿಸುತ್ತದೆ.

ಯಂತ್ರದ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿ ಮಾತಾಡುವ ನಾವು ಹವ್ಯಾಸಿಗಳು ಮನುಷ್ಯನ ಬಗ್ಗೆ ಮಾತ್ರ ಸುಮ್ಮನಿರುತ್ತೇವೆ ಎಂಬುದು ನನ್ನ ತಕರಾರು. ರಿವೆಟ್ಟುಗಳನ್ನು ಎಣಿಸುತ್ತೇವೆ, ಮುಖವನ್ನು ನೋಡುವುದಿಲ್ಲ.

ಪೆಟ್ಟಿಗೆಯ ಐದನೆಯ ಬೊಂಬೆಗೆ ಹೋಗೋಣ. ಅದರ ಮೇಲೆ ನೆಮೋ ಎಂಬ ಹೆಸರಿರಲಿಲ್ಲ. ಆದರೆ ಜಲಾಂತರ್ನೌಕೆಯ ಕಪ್ತಾನ, ಗಡ್ಡ, ಗಂಭೀರ ನಿಲುವು, ಕೈಯಲ್ಲಿ ವಿದ್ಯುತ್ ಬಂದೂಕು ಇದ್ದಮೇಲೆ ಬೇರೆ ಯಾರು? ಮುಖ ಮಾತ್ರ ಯುರೋಪಿನ ಯಾವುದೋ ಬಂದರಿನ ನಾವಿಕನದು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಕೆನ್ನೆಗೆ ಗುಲಾಬಿ ಬಣ್ಣ. ಜೂಲ್ಸ್ ವರ್ನ್ 1869–70ರಲ್ಲಿ ಪ್ರಕಟಿಸಿದ ಸಮುದ್ರದಡಿಯ ಯಾತ್ರೆಯ ಕಾದಂಬರಿಯಲ್ಲಿ ನೆಮೋನ ದೇಶ ಯಾವುದೆಂದು ಹೇಳಿರಲಿಲ್ಲ. ವರ್ನ್ ಅವನನ್ನು ರಷ್ಯದ ಮೇಲೆ ಹಗೆ ತೀರಿಸುವ ಪೋಲೆಂಡಿನವನನ್ನಾಗಿ ಮಾಡಬೇಕೆಂದಿದ್ದರು. ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ. ಗುಟ್ಟು ಬಯಲಾದದ್ದು 1875ರ ‘ದಿ ಮಿಸ್ಟೀರಿಯಸ್ ಐಲ್ಯಾಂಡ್’ನಲ್ಲಿ. ನೆಮೋ ಬುಂದೇಲಖಂಡದ ರಾಜಕುಮಾರ ದಕ್ಕರ್. 1857ರ ಹೋರಾಟದಲ್ಲಿ ಕಾದಾಡಿ, ಹೆಂಡತಿ ಮಕ್ಕಳನ್ನು ಕಳೆದುಕೊಂಡು ಸಮುದ್ರ ಸೇರಿದವನು. ಟಿಪ್ಪು ಸುಲ್ತಾನನ ಬಂಧು, ಅಣ್ಣತಮ್ಮಂದಿರ ಇಲ್ಲವೇ ಅಕ್ಕತಂಗಿಯರ ಮಗ.

ಬುಂದೇಲಖಂಡದ ರಾಜನ ಮಗ ಶ್ರೀರಂಗಪಟ್ಟಣದವರಿಗೆ ಹೇಗೆ ನಂಟನಾದನೆಂದು ವರ್ನ್ ವಿವರಿಸುವುದಿಲ್ಲ. ಕಾದಂಬರಿಯ ಲೆಕ್ಕದಲ್ಲಿ ದಕ್ಕರ್ ಹುಟ್ಟುವ ಹೊತ್ತಿಗೆ ಟಿಪ್ಪು ಸತ್ತು ಇಪ್ಪತ್ತು ವರ್ಷವಾಗಿರುತ್ತದೆ. ಫ್ರಾನ್ಸಿನಲ್ಲಿ ಕುಳಿತ ಲೇಖಕನಿಗೆ ಬ್ರಿಟಿಷರನ್ನು ಎದುರಿಸಿದ ಒಂದು ಹೆಸರು ಬೇಕಿತ್ತು, ಸಿಕ್ಕಿತು. ಟಿಪ್ಪುವಿನ ಬಗ್ಗೆ ನಮ್ಮ ನಾಡಿನಲ್ಲಿ ನಡೆಯುವ ಜಗಳ ನನಗೆ ಗೊತ್ತಿಲ್ಲದ್ದಲ್ಲ. ಅದನ್ನು ಇಲ್ಲಿ ಎಳೆದು ತರುವುದಿಲ್ಲ. ಆದರೆ ಯಂತ್ರಪ್ರೇಮಿಗಳು ಒಂದನ್ನು ನೆನೆಯಬೇಕು: ಬಿಳಿಯ ಸೈನಿಕನ ಮೇಲೆರಗಿ, ಒಳಗಿನ ತಿದಿ ಮತ್ತು ಕೊಳವೆಗಳಿಂದ ಗುರುಗುಟ್ಟುವ ಮರದ ಹುಲಿಯೊಂದು 1799ರಲ್ಲಿ ಶ್ರೀರಂಗಪಟ್ಟಣದಿಂದ ಲೂಟಿಯಾಗಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಕುಳಿತಿದೆ. ಉಗಿಯಿಲ್ಲ, ಹಿಡಿ ತಿರುಗಿಸಬೇಕು. ಉಳಿದದ್ದೆಲ್ಲ ಇದೆ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕಾಲೇಜಿನ ಗ್ರಂಥಾಲಯದಲ್ಲಿ ಆ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಓದಿದ್ದೆ. ಅದು ಕಿಂಗ್‌ಸ್ಟನ್ ಹೆಸರಿನಲ್ಲಿ ಬಂದ ಹಳೆಯ ಅನುವಾದದ ಮರುಮುದ್ರಣ. ಅದರಲ್ಲಿ ದಂಗೆಯೆದ್ದವರು ಸ್ವಾರ್ಥಿ ರಾಜರ ಮಾತಿಗೆ ಮರುಳಾದ ಜನ. ಇಂಗ್ಲಿಷರು ಅರಾಜಕತೆಯನ್ನು ತೊಲಗಿಸಿ ಶಾಂತಿ, ಸಂಪತ್ತು ತಂದವರು. ಫ್ರೆಂಚರ ವರ್ನ್ ಹೀಗೇಕೆ ಬರೆದರೆಂದು ನಾನು ಕೇಳಿಕೊಳ್ಳಲೇ ಇಲ್ಲ. ಪಾಸಾಗಿ, ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಕೆಲಸ ಹಿಡಿದು ದೆಹಲಿಗೆ ಬಂದು ಎಷ್ಟೋ ವರ್ಷಗಳಾದ ಮೇಲೆ, 2001ರಲ್ಲಿ ಪ್ರಕಟವಾದ ಸಿಡ್ನಿ ಕ್ರಾವಿಟ್ಜರ ಹೊಸ ಅನುವಾದ ಕೈಗೆ ಬಂತು. ಆ ಸಾಲುಗಳು ಅದರಲ್ಲಿಲ್ಲ. ಅವನ್ನು ವರ್ನ್ ಬರೆದಿರಲೇ ಇಲ್ಲ. ಇಂಗ್ಲಿಷ್ ಓದುಗರಿಗೆ ಕಹಿಯಾಗದಿರಲೆಂದು ಅನುವಾದದಲ್ಲಿ ಬದಲಾಯಿಸಿದ್ದರು. ಎಂ.ಎ. ಪದವಿ ಇದ್ದೂ ನಾನು ಇಷ್ಟು ಕಾಲ ನೆಮೋನನ್ನು ಅವನ ಶತ್ರುವಿನ ಬಾಯಿಂದ ಕೇಳಿಸಿಕೊಂಡಿದ್ದೆ.

ಆಮೇಲಿನ ಕಥೆ ನಿಮಗೆ ಗೊತ್ತಿರುವುದೇ. 1954ರ ಡಿಸ್ನಿ ಚಿತ್ರದಲ್ಲಿ ನೆಮೋ ಆದವರು ಜೇಮ್ಸ್ ಮೇಸನ್. ಅದೇ ಚಿತ್ರಕ್ಕೆ ಹಾರ್ಪರ್ ಗಾಫ್ ರೂಪಿಸಿದ, ಮೈಯೆಲ್ಲ ರಿವೆಟ್ಟು ಹೊಡೆದ ಕಬ್ಬಿಣದ ನಾಟಿಲಸ್ ನೌಕೆಯಿಂದ ಇಂದಿನ ಸ್ಟೀಮ್‌ಪಂಕ್ ರೂಪದ ಅರ್ಧಪಾಲು ಬಂದಿದೆ. (ವರ್ನ್‌ರ ನಾಟಿಲಸ್ ನಡೆಯುವುದು ವಿದ್ಯುತ್ತಿನಿಂದ, ಉಗಿಯಿಂದಲ್ಲ, ರಿವೆಟ್ಟು ಎಣಿಸುವವರು ಇದನ್ನು ಯಾಕೋ ಎತ್ತುವುದಿಲ್ಲ.) ರೂಪ ಬಂದಾಗ ಮುಖವೂ ಜೊತೆಗೆ ಬಂತು. 1999ರಲ್ಲಿ ಅಲನ್ ಮೂರ್ ಮತ್ತು ಕೆವಿನ್ ಓನೀಲ್ ತಮ್ಮ ಚಿತ್ರಕಥೆಯಲ್ಲಿ ನೆಮೋನಿಗೆ ಪೇಟ ತೊಡಿಸಿ ಭಾರತೀಯನನ್ನಾಗಿಸಿದರು, 2003ರ ಚಲನಚಿತ್ರದಲ್ಲಿ ನಾಸಿರುದ್ದೀನ್ ಶಾ ಆ ಪಾತ್ರ ಮಾಡಿದರು. ಅಷ್ಟಾದರೂ ನನ್ನ ಪೆಟ್ಟಿಗೆಗೆ ಬಂದವನು ಗುಲಾಬಿ ಕೆನ್ನೆಯವನೇ.

ಪುಣೆಯಲ್ಲಿರುವ ನನ್ನ ಮಿತ್ರರೊಬ್ಬರು, ಧಾರವಾಡದ ಕಡೆಯವರು, ನನಗಿಂತ ಚೆನ್ನಾಗಿ ಬಣ್ಣ ಹಚ್ಚುತ್ತಾರೆ. ಫೋನಿನಲ್ಲಿ ಈ ಮಾತೆತ್ತಿದಾಗ ನಕ್ಕುಬಿಟ್ಟರು. “ಅಲ್ರೀ, ಬಣ್ಣ ನಿಮ್ಮ ಕೈಯಾಗ ಐತಿ. ಕಂದು ಬಣ್ಣ ಬಳೀರಿ, ಮುಗೀತಲ್ಲ. ಆಟದಾಗ ರಾಜಕೀಯ ಯಾಕ ತರ್ತೀರಿ?” ಎಂದರು. ಬಹುಪಾಲು ಹವ್ಯಾಸಿಗಳ ಅಭಿಪ್ರಾಯವೂ ಇದೇ. ಎರಡು ಮಾತಿಗೂ ಉತ್ತರ ಕೊಡಬೇಕು.

ಬಣ್ಣ ಬಳಿದು ನೋಡಿದೆ. ಹವ್ಯಾಸದ ಬಣ್ಣಗಳಲ್ಲಿ ‘ಫ್ಲೆಶ್’ ಎಂದು ಬರೆದ ಶೀಶೆ ಸಾಮಾನ್ಯವಾಗಿ ಗುಲಾಬಿಯೇ. ನಮ್ಮ ಮೈಬಣ್ಣಕ್ಕೆ ಮೂರು ಶೀಶೆಗಳನ್ನು ಬೆರೆಸಿ, ಕೆನ್ನೆಮೂಳೆಯ ಮೇಲೆ ತುಸು ಹಳದಿ ತಾಕಿಸಬೇಕು. ಎರಡು ಸಂಜೆ ಕುಳಿತು ಅದನ್ನೂ ಮಾಡಿದೆ. ಬಣ್ಣ ಒಣಗಿದ ಮೇಲೆ ಅಲ್ಲಿ ನಿಂತಿದ್ದವನು ಬಿಸಿಲಿನಲ್ಲಿ ಕಂದಿದ ಇಂಗ್ಲಿಷ್ ನಾವಿಕ. ಮೂಗಿನ ಏರು, ಹುಬ್ಬಿನ ಕಟ್ಟು, ಟೋಪಿ ಕೂತ ಓರೆ ಎಲ್ಲವನ್ನೂ ಶಿಲ್ಪಿ ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾನೆ. ಅನುವಾದಕ ತೀರ್ಮಾನಿಸಿದ್ದನ್ನು ಓದುಗ ಅಂಚಿನಲ್ಲಿ ಪೆನ್ಸಿಲ್ಲಿನಿಂದ ತಿದ್ದಬಹುದೇನೋ. ಪುಸ್ತಕ ಅದೇ ಪುಸ್ತಕ.

ಇನ್ನು ರಾಜಕೀಯ. ನಾವು ಅದನ್ನು ತರುವುದೇಕೆ, ಅದು ಪೆಟ್ಟಿಗೆಯೊಳಗೇ ಬರುತ್ತದೆ. ಸೋಲಾ ಟೋಪಿಯ ಅಧಿಕಾರಿ, ಕೆಂಪಂಗಿಯ ಸಿಪಾಯಿ, ಬಾವುಟ ಕಟ್ಟಿದ ಆಕಾಶನೌಕೆ ಇವೆಲ್ಲ ಎಂದೂ ಮುಳುಗದ ಸಾಮ್ರಾಜ್ಯವೊಂದರ ಕನಸುಗಳು. ಆ ಕನಸು ನನಗೂ ಚೆಂದವೇ. ಇಲ್ಲದಿದ್ದರೆ ಸುಂಕ ಕಟ್ಟಿ ತರಿಸುತ್ತಿರಲಿಲ್ಲ. ನಮ್ಮ ಮೇಜಿನ ಮೇಲೆ ಕರ್ನಲ್ ಸಾಹೇಬನೊಬ್ಬನಿದ್ದಾನೆ. ಅವನ ಮೀಸೆಗೆ ನಾನು ಪಟ್ಟಷ್ಟು ಶ್ರಮವನ್ನು ನನ್ನ ವಾರ್ಷಿಕ ಕಾರ್ಯವರದಿಗೂ ಪಟ್ಟಿಲ್ಲ. ಅವನನ್ನು ಕಸದಬುಟ್ಟಿಗೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಆದರೆ ಇತಿಹಾಸವನ್ನೇ ಬದಲಿಸಿ ಕಲ್ಪಿಸಿಕೊಳ್ಳುವ ಒಂದು ಪ್ರಕಾರದಲ್ಲಿ ರೈಲು ಆಕಾಶಕ್ಕೆ ಹಾರಬಹುದು, ಬುಂದೇಲಖಂಡದವನೊಬ್ಬ ತನ್ನ ಮುಖವನ್ನು ಇಟ್ಟುಕೊಳ್ಳಬಾರದು ಎಂದರೆ ಆ ಕಲ್ಪನೆ ಎಷ್ಟು ಬಡವಾದದ್ದು! ವರ್ನ್ 1880ರಲ್ಲಿಯೇ ಉಗಿಯಿಂದ ನಡೆಯುವ ಉಕ್ಕಿನ ಆನೆಯೊಂದನ್ನು ಕಲ್ಕತ್ತೆಯಿಂದ ಹೊರಡಿಸಿ ಉತ್ತರ ಭಾರತವನ್ನೆಲ್ಲ ಸುತ್ತಿಸಿದ್ದರು. ಅದೂ ಸಾಹೇಬರ ಸವಾರಿಯೇ. ಆದರೂ ಆ ಆನೆ ಮೂಲದಲ್ಲಿ ಭೂತಾನದ ರಾಜನೊಬ್ಬನ ಬಯಕೆಯಿಂದ ಹುಟ್ಟಿದ್ದು.

ಇದನ್ನು ದೊಡ್ಡ ಕಂಪನಿಗೆ ಹೇಳಿ ಪ್ರಯೋಜನವಿಲ್ಲ. ಸಣ್ಣ ತಯಾರಕನಿಗೆ ಹೇಳಬಹುದು, ಅವನು ಕೇಳುತ್ತಾನೆ. ಯುರೇಕಾದವರು ಮುನ್ನೂರರ ಕೂಟವೆಂಬ ಪದ್ಧತಿಯನ್ನೇ ಇಟ್ಟಿದ್ದಾರೆ: ಯಾರಾದರೂ ಒಂದು ಬೊಂಬೆಯ ಕಲ್ಪನೆ ಮುಂದಿಡಬಹುದು, ಮುನ್ನೂರು ಬೊಂಬೆಗಳನ್ನು ಕೊಳ್ಳುವ ವಾಗ್ದಾನ ಕೂಡಿಬಂದರೆ ಅದನ್ನು ಮಾಡಿಕೊಡುತ್ತಾರೆ. ಮುನ್ನೂರು ಮಂದಿಯಲ್ಲ, ಮುನ್ನೂರು ಬೊಂಬೆ. ಒಬ್ಬೊಬ್ಬರು ಹತ್ತು ಕೊಂಡರೆ ಮೂವತ್ತು ಜನ ಸಾಕು. ನಮ್ಮ ರಾಜ್ಯೋತ್ಸವದ ಊಟಕ್ಕೆ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ಹವ್ಯಾಸಿಯ ಅಭಿಪ್ರಾಯ ಇಷ್ಟು ನೇರವಾಗಿ ಲೋಹವಾಗಿ ಇಳಿಯುವ ಇನ್ನೊಂದು ಕಡೆಯನ್ನು ನಾನು ಕಾಣೆ. ಅಂಥ ಕಡೆಯಲ್ಲಿ ನಾವು ನಮ್ಮ ಮಾತನ್ನೆಲ್ಲ ಎರಕದ ಗೀರಿಗೂ ಎರಡು ಮಿಲಿಮೀಟರಿಗೂ ಖರ್ಚು ಮಾಡುತ್ತ ಬಂದಿದ್ದೇವೆ.

ಕೊನೆಗೆ ನಾನು ಮಾಡಿದ್ದು ಇಷ್ಟು. ಕಪ್ತಾನನ ಟೋಪಿಯನ್ನು ಅರದಿಂದ ಉಜ್ಜಿ ತೆಗೆದೆ. ಮೂಗಿನ ತುದಿಯನ್ನೂ ಸ್ವಲ್ಪ. ಹಸಿರು ಮೇಣವನ್ನು ನಾದಿ, ಹೊಲಿಗೆಯ ಸೂಜಿಯಿಂದ ಎಳೆ ಎಳೆಯಾಗಿ ಪೇಟ ಸುತ್ತಿದೆ. ಮೂರು ಸಲ ಕೆಟ್ಟಿತು. ನಾಲ್ಕನೆಯ ಸಲ ಬಂದದ್ದೂ ಬುಂದೇಲಖಂಡದ ಪೇಟವೇನಲ್ಲ. ನಾನು ಚಿಕ್ಕಂದಿನಿಂದ ನೋಡಿದ್ದು ಮೈಸೂರು ಪೇಟ, ಬೆರಳು ಅದನ್ನೇ ಮಾಡಿತು. ಬೊಂಬೆ ತಯಾರಿಸಿದವರಿಗೆ ಚಿತ್ರದೊಂದಿಗೆ ಒಂದು ಪತ್ರ ಬರೆದೆ, ಮುಂದಿನ ಬೊಂಬೆಗೆ ಪೇಟ ತೊಟ್ಟ ಒಂದು ತಲೆಯನ್ನಾದರೂ ಬೇರೆಯಾಗಿ ಕೊಡಬಹುದೇ ಎಂದು ಕೇಳಿ. ಶಿಲ್ಪಿಯೊಂದಿಗೆ ಮಾತಾಡುತ್ತೇವೆ, ಎಷ್ಟು ಜನ ಕೊಳ್ಳಬಹುದು ಎಂದು ಮರುದಿನವೇ ಉತ್ತರ ಬಂತು. ಎರಡನೆಯ ಪ್ರಶ್ನೆಗೆ ನಾನಿನ್ನೂ ಉತ್ತರಿಸಿಲ್ಲ. ಪುಣೆಯ ಮಿತ್ರರು ಐದಕ್ಕೆ ಒಪ್ಪಿದ್ದಾರೆ.

ನವರಾತ್ರಿಗೆ ಅಮ್ಮ ಮೈಸೂರಿನಿಂದ ಬಂದಿದ್ದಳು. ಕ್ವಾರ್ಟರ್ಸಿನ ಹಾಲಿನಲ್ಲಿ ಐದು ಮೆಟ್ಟಿಲಿನ ಗೊಂಬೆ ಕೂರಿಸಿದೆವು. ಮೇಲೆ ಪಟ್ಟದ ಗೊಂಬೆಗಳು, ಕೆಳಗೆ ಚನ್ನಪಟ್ಟಣದ ಮದ್ದಳೆಯವರು, ಶೆಟ್ಟಿ ದಂಪತಿಗಳು. ಎಲ್ಲಕ್ಕಿಂತ ಕೆಳಗಿನ ಸಾಲಿನ ಮೂಲೆಯಲ್ಲಿ ನನ್ನ ಕಪ್ತಾನನನ್ನು ನಿಲ್ಲಿಸಿದೆ. ಅಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದಳು.

“ಇವನ್ಯಾರು, ದಿವಾನರ ಥರ ಇದಾನೆ?”

“ಸಮುದ್ರದೊಳಗೆ ಹಡಗು ನಡೆಸ್ತಿದ್ದ ಒಬ್ಬ ರಾಜಕುಮಾರ ಅಮ್ಮ. ಕಥೆಯವನು.”

“ಕೈಯಲ್ಲಿ ಏನದು?”

“ಬಂದೂಕು.”

“ದೇವರ ಮುಂದೆ ಬಂದೂಕು ಹಿಡಿದವರನ್ನ ಯಾರಾದರೂ ನಿಲ್ಲಿಸ್ತಾರಾ?” ಎಂದಳು. ಆಮೇಲೆ ಪಟ್ಟದ ಗೊಂಬೆಯ ರಾಜನ ಸೊಂಟದಲ್ಲಿದ್ದ ಕತ್ತಿಯನ್ನು ಕಂಡಳೋ ಏನೋ, ಸುಮ್ಮನಾಗಿ, ಕಪ್ತಾನನನ್ನು ಎರಡು ಬೆರಳಲ್ಲಿ ಎತ್ತಿ ಶೆಟ್ಟಿ ದಂಪತಿಗಳ ಪಕ್ಕಕ್ಕೆ ಸರಿಸಿಟ್ಟಳು. ಮೂಲೆಯಲ್ಲಿದ್ದರೆ ಬಾಗಿಲ ಗಾಳಿಗೆ ಬಿದ್ದುಹೋಗುತ್ತಾನಂತೆ.